ಕಪಾಟಿನ ಬಲ್ಬು, ಒಂದು ಲೈಕಾ



ಹೋದ ವರ್ಷ ಮಾರ್ಚ್ ಕೊನೆಗೆ, ಸುಳ್ಯ ತಾಲೂಕಿನ ಬೆಳ್ಳಾರೆಯ ಹತ್ತಿರದ ಒಂದು ಮನೆಯಲ್ಲಿ, ಹಲಸಿನ ಮರದ ಹಳೆಯ ಕಪಾಟೊಂದರ ಬಾಗಿಲು ತೆರೆದೆ. ಒಳಗಿನಿಂದ ಬೆಚ್ಚನೆಯ ಗಾಳಿ ಮುಖಕ್ಕೆ ಬಂತು. ಮೇಲಿನ ಹಲಗೆಗೆ ಹೋಲ್ಡರ್ ಕೂರಿಸಿ 40 ವಾಟಿನ ಹಳೆಯ ತಂತಿ ಬಲ್ಬು ಉರಿಸಿಟ್ಟಿದ್ದರು. ಅದರ ಕೆಳಗೆ ಹಳೇ ಸೀರೆಯ ತುಂಡಿನಲ್ಲಿ ಸುತ್ತಿದ ಒಂದು ಕ್ಯಾಮೆರಾ. ಪಕ್ಕದಲ್ಲಿ ಅದರ ಚರ್ಮದ ಚೀಲ, ಅದು ಬಂದ ರಟ್ಟಿನ ಪೆಟ್ಟಿಗೆ, ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯ 'ಇಂದು' ಫಿಲ್ಮಿನ ಎರಡು ಖಾಲಿ ಡಬ್ಬಿ.

"ಕೈಯಲ್ಲಿ ತೆಗೊಂಡು ನೋಡಿ ಮಾಷ್ಟ್ರೇ, ಹೆದರ್ಲಿಕ್ಕೆ ಎಂತ ಉಂಟು" ಎಂದರು ಮನೆಯ ಅಮ್ಮ. ಅವರಿಗೆ ಎಂಬತ್ತು ದಾಟಿದೆ. ಯಜಮಾನರು ಆ ಊರಿನಲ್ಲಿ ನಾಲ್ಕು ದಶಕ ಡಾಕ್ಟರಾಗಿದ್ದವರು. ರೋಗಿಯ ಮನೆಗೆ ಹೋಗುವಾಗ ಒಂದು ಕೈಯಲ್ಲಿ ಮದ್ದಿನ ಪೆಟ್ಟಿಗೆ, ಹೆಗಲಲ್ಲಿ ಈ ಕ್ಯಾಮೆರಾ. ಅವರು ತೀರಿಕೊಂಡು ಆರು ವರ್ಷವಾಗಿತ್ತು. ಹಳೆಯ ಕ್ಯಾಮೆರಾಗಳನ್ನು ಕೂಡಿಡುವ ಬೆಂಗಳೂರಿನ ಒಬ್ಬರು, ಅಮ್ಮನ ಮಗನ ಕೈಯಲ್ಲಿದ್ದ ಅದರ ಚಿತ್ರ ನೋಡಿಯೇ ಒಂದೂವರೆ ಲಕ್ಷ ರೂಪಾಯಿ ಕೊಡುತ್ತೇನೆಂದು ಹೇಳಿ ಕಳಿಸಿದ್ದರು. ಅಮ್ಮನಿಗೆ ಮನಸ್ಸು ಬಂದಿರಲಿಲ್ಲ.

"ಅವ್ರು ಅದನ್ನು ಗಾಜಿನ ಪೆಟ್ಟಿಗೆಯಲ್ಲಿ ಇಡ್ತಾರಂತೆ. ನೀವು ಅಷ್ಟೇ ದುಡ್ಡು ಕೊಡಿ, ಬೇಕಾದ್ರೆ ಕಂತಿನಲ್ಲಿ ಕೊಡಿ. ಆದ್ರೆ ದಿನಾ ಫೋಟೋ ತೆಗೀಬೇಕು. ತೆಗೀತೀರಾ?"

ಆ ಪ್ರಶ್ನೆಗೆ ಉತ್ತರ ಹೇಳಲಿಕ್ಕೆ ನನಗೆ ಎರಡು ತಿಂಗಳು ಬೇಕಾಯಿತು. ಆ ಎರಡು ತಿಂಗಳ ಮಾತನ್ನೇ ಇವತ್ತು ನಿಮ್ಮ ಮುಂದೆ ಇಡುತ್ತೇನೆ.

ಕ್ಯಾಮೆರಾದ ಹೆಸರು ಲೈಕಾ ಎಂ3. ಜರ್ಮನಿಯ ವೆಟ್ಸ್ಲರ್ ಎಂಬ ಊರಿನಲ್ಲಿ ತಯಾರಾದದ್ದು. ಅದೇ ಊರಿನ ಲೈಟ್ಸ್ ಕಂಪೆನಿಯಲ್ಲಿ ಓಸ್ಕರ್ ಬಾರ್ನಾಕ್ ಎಂಬ ಯಂತ್ರತಜ್ಞ ಇದ್ದ. ಅವನಿಗೆ ಉಬ್ಬಸ. ಗಾಜಿನ ಪ್ಲೇಟಿನ ಭಾರದ ಕ್ಯಾಮೆರಾವನ್ನು ಗುಡ್ಡಗಾಡಿನಲ್ಲಿ ಹೊತ್ತು ತಿರುಗಲು ಆಗುತ್ತಿರಲಿಲ್ಲ. ಸಿನಿಮಾಕ್ಕೆ ಬಳಸುವ 35 ಮಿಲಿಮೀಟರ್ ಫಿಲ್ಮನ್ನೇ ಇಟ್ಟುಕೊಂಡು ಅಂಗೈಯಲ್ಲಿ ಕೂರುವ ಕ್ಯಾಮೆರಾ ಮಾಡಿದ. 1925ರಲ್ಲಿ ಅದು ಮಾರುಕಟ್ಟೆಗೆ ಬಂತು. ಎಂ3 ಬಂದದ್ದು 1954ರಲ್ಲಿ. 1966ರವರೆಗೆ ಎರಡು ಲಕ್ಷಕ್ಕೂ ಹೆಚ್ಚು ತಯಾರಾದವು. ಹಾಗಾಗಿ ಎಂ3 ಎಂದ ಮಾತ್ರಕ್ಕೆ ಅಪರೂಪವಲ್ಲ. ಆದರೆ ಅದರ ಕ್ರಮಸಂಖ್ಯೆಗಳು ಏಳು ಲಕ್ಷದಿಂದ ಆರಂಭವಾಗುತ್ತವೆ, ಡಾಕ್ಟರ ಕ್ಯಾಮೆರಾ ಆ ಮೊದಲ ಕೆಲವು ಸಾವಿರದೊಳಗಿನದು. ಫಿಲ್ಮ್ ಮುಂದೆ ಸರಿಸಲು ಲಿವರನ್ನು ಎರಡು ಸಲ ಎಳೆಯಬೇಕು. ಫಿಲ್ಮನ್ನು ಹಿಂದಿನಿಂದ ಒತ್ತಿ ಹಿಡಿಯುವ ಫಲಕ ಇದರಲ್ಲಿ ಗಾಜಿನದು. ಮುಂದಿನ ವರ್ಷವೇ ಸೇರಿಸಿದ ಒಂದು ಸಣ್ಣ ಲಿವರ್ ಇದರಲ್ಲಿಲ್ಲ. ಸಂಗ್ರಹಕಾರರಿಗೆ ಬೇಕಾದದ್ದು ಇಂಥವೇ. ಜೊತೆಗೆ ಮೂಲ ಪೆಟ್ಟಿಗೆ ಇದೆ, ಡಾಕ್ಟರು ಅಷ್ಟು ವರ್ಷ ಬಳಸಿದರೂ ಮೈಮೇಲೆ ಹೆಚ್ಚು ಗೀರಿಲ್ಲ.

ಬೆಲೆ ಇರುವುದು ಹೀಗೆ ಗೀರು ಕಡಿಮೆ ಇರುವ ಮೈಗೆ. ಮತ್ತೆ ದಿನಾ ಹೆಗಲಲ್ಲಿ ತೂಗುಹಾಕಿದ ಮರುದಿನದಿಂದಲೇ ಆ ಬೆಲೆ ಇಳಿಯಲು ಶುರುವಾಗುತ್ತದೆ.

ನನಗೆ ಅದು ಏಕೆ ಬೇಕಾಗಿತ್ತು ಎಂದು ಹೇಳಬೇಕು. ನನ್ನ ಮನೆ ಕಡಬ ತಾಲೂಕಿನ ಆಲಂಕಾರಿನ ಕಡೆ. ಮಾಷ್ಟ್ರ ಕೆಲಸದಿಂದ ನಿವೃತ್ತನಾದ ಮೇಲೆ ನಾನು ಅಡಿಕೆ ತೋಟದ ಕೆಲಸದ ಚಿತ್ರಗಳನ್ನು ತೆಗೆಯುತ್ತಿದ್ದೇನೆ. ಕೊನೆ ಕೊಯ್ಯುವವರು, ಒಂದು ಮರದಿಂದ ಇನ್ನೊಂದು ಮರಕ್ಕೆ ಮೇಲಿಂದಲೇ ದಾಟುವವರು, ಜೂನ್‌ನಲ್ಲಿ ಬೋರ್ಡೋ ದ್ರಾವಣದ ಮದ್ದು ಬಿಡುವವರು, ನೀರಿನ ಸುರಂಗದ ಬಾಯಿಯಲ್ಲಿ ಹೂಳು ತೆಗೆಯುವವರು, ಅಡಿಕೆ ಸುಲಿಯುತ್ತಾ ರಾತ್ರಿ ಹನ್ನೊಂದರವರೆಗೆ ಕೂರುವ ಹೆಂಗಸರು. ಕಾರ್ಬನ್ ಫೈಬರ್ ದೋಟಿ ಬಂದಿದೆ, ನೆಲದಲ್ಲಿ ನಿಂತೇ ಕೊಯ್ಯಬಹುದು, ಮದ್ದೂ ಬಿಡಬಹುದು. ಅದು ಬರಬೇಕಾದದ್ದೇ. ಮರದಿಂದ ಬಿದ್ದು ಸೊಂಟ ಮುರಿದುಕೊಂಡವರನ್ನು ನಾವೆಲ್ಲ ನೋಡಿದ್ದೇವೆ. ಆದರೆ ಮರ ಹತ್ತುವ ಆ ವಿದ್ಯೆ ನಮ್ಮ ಕಣ್ಣೆದುರೇ ಮುಗಿಯುತ್ತಿದೆ. ಅದರ ಚಿತ್ರವಾದರೂ ಉಳಿಯಲಿ ಎಂಬುದು ನನ್ನ ಆಸೆ.

ಮೊದಲು ಫೋನಿನಲ್ಲೇ ತೆಗೆಯುತ್ತಿದ್ದೆ. ಎರಡು ಫೋನು ಒಂದರ ಹಿಂದೆ ಒಂದು ಕೆಟ್ಟಾಗ ಮೂರು ವರ್ಷದ ಚಿತ್ರ ಹೋಯಿತು. ಅದರಲ್ಲಿದ್ದ ಮೂವರು ಈಗ ಬದುಕಿಲ್ಲ. ಅದೇ ಹೊತ್ತಿಗೆ ಡಾಕ್ಟರ ಮನೆಯಲ್ಲಿ ಅವರ ನೆಗೆಟಿವ್‌ಗಳ ಕಟ್ಟು ನೋಡಿದೆ. 1974ರ ನೆರೆ, ಉಪ್ಪಿನಂಗಡಿಯಲ್ಲಿ ನೇತ್ರಾವತಿಯೂ ಕುಮಾರಧಾರೆಯೂ ಒಂದಾಗಿ ಏರಿದ್ದು. ಸುಬ್ರಹ್ಮಣ್ಯದ ಸ್ನಾನಘಟ್ಟದಲ್ಲಿ ಷಷ್ಠಿಯ ಬೆಳಗು. 1989ರಲ್ಲಿ ಗಿರೀಶ್ ಭಾರದ್ವಾಜರು ಅರಂಬೂರಿನಲ್ಲಿ ಪಯಸ್ವಿನಿಗೆ ಕಟ್ಟಿದ ಅವರ ಮೊದಲ ತೂಗುಸೇತುವೆ, ಅದರ ಮೇಲೆ ಹೆಜ್ಜೆ ಇಡಲು ಅಳುಕುತ್ತಿರುವ ಒಬ್ಬ ಹುಡುಗಿ. ನೆಗೆಟಿವನ್ನು ಕಿಟಕಿಯ ಬೆಳಕಿಗೆ ಹಿಡಿದರೆ ಸಾಕು, ಐವತ್ತು ವರ್ಷದ ಹಿಂದಿನ ನೀರು ಕಾಣುತ್ತದೆ. ಯಾವ ಯಂತ್ರವೂ ಬೇಡ, ಪಾಸ್‌ವರ್ಡೂ ಬೇಡ. ಆವತ್ತೇ ನಾನು ಫಿಲ್ಮಿಗೆ ಮರಳಬೇಕೆಂದು ನಿಶ್ಚಯಿಸಿದ್ದು.

ನಮ್ಮ ಊರಿಗೆ ಈ ಹುಚ್ಚು ಹೊಸದಲ್ಲ. ಪುತ್ತೂರಿನ ಬಾಲವನದಲ್ಲಿ ಬಾಳಿದ ಶಿವರಾಮ ಕಾರಂತರು 1930ರ ಆಸುಪಾಸಿನಲ್ಲೇ 'ಡೊಮಿಂಗೊ', 'ಭೂತರಾಜ್ಯ' ಎಂಬ ಮೂಕಿ ಚಿತ್ರಗಳನ್ನು ಮಾಡಲು ಹೊರಟವರು. ಫಿಲ್ಮ್, ಯಂತ್ರ ಎಲ್ಲವೂ ಕಡಲಾಚೆಯಿಂದ ಬರಬೇಕಾಗಿದ್ದ ಕಾಲದಲ್ಲಿ ಹಳ್ಳಿಯಂಥ ಪುತ್ತೂರಿನವರೊಬ್ಬರಿಗೆ ಆ ಧೈರ್ಯವಿತ್ತು.

ಈಗ ಕಪಾಟಿನ ಬಲ್ಬಿನ ವಿಷಯಕ್ಕೆ ಬರುತ್ತೇನೆ. ಹೊರಗಿನ ಊರಿನಲ್ಲಿ ಇಂಥ ಕ್ಯಾಮೆರಾ ಕೊಳ್ಳುವವರು ಬೆಲೆ, ಫಿಲ್ಮು, ರಿಪೇರಿ ಎಂದು ಲೆಕ್ಕ ಹಾಕುತ್ತಾರೆ. ನಮ್ಮಲ್ಲಿ ಮೊದಲು ಲೆಕ್ಕ ಹಾಕಬೇಕಾದದ್ದು ಮಳೆಯನ್ನು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪುತ್ತೂರು, ಸುಳ್ಯ, ಕಡಬದಲ್ಲಿ ಒಗೆದ ಬಟ್ಟೆ ಒಲೆಯ ಮೇಲಿನ ಹಗ್ಗದಲ್ಲೇ ಒಣಗಬೇಕು. ಗಾಳಿಯ ತೇವ ಶೇಕಡಾ 90ರ ಆಸುಪಾಸಿನಲ್ಲೇ ದಿನಗಟ್ಟಲೆ ನಿಲ್ಲುತ್ತದೆ. ಚಪ್ಪಲಿಗೆ ಬೂಷ್ಟು, ಪುಸ್ತಕದ ರಟ್ಟಿಗೆ ಬೂಷ್ಟು. ಮಸೂರದ ಗಾಜನ್ನೂ ಅದು ಬಿಡುವುದಿಲ್ಲ. ಮೊದಲು ಅಂಚಿನಲ್ಲಿ ಜೇಡರ ಬಲೆಯ ಒಂದು ಎಳೆಯಷ್ಟು ಕಾಣುತ್ತದೆ. ಮಳೆಗಾಲ ಮುಗಿಯುವುದರೊಳಗೆ ಬೇರು ಬಿಟ್ಟ ಹಾಗೆ ಹರಡುತ್ತದೆ. ಅದು ಬಿಡುವ ಆಮ್ಲ ಮಸೂರದ ಲೇಪನವನ್ನು ತಿಂದು, ಕೊನೆಗೆ ಗಾಜನ್ನೇ ಕೊರೆಯುತ್ತದೆ. ಒರೆಸಿದರೆ ಬೂಷ್ಟು ಹೋದೀತು, ಕೊರೆದ ಗುರುತು ಹೋಗುವುದಿಲ್ಲ.

ಇಲ್ಲಿ ಒಂದು ವಿಚಿತ್ರ ಉಂಟು. ಸಂಗ್ರಹಕಾರರ ಶಾಸ್ತ್ರದ ಪ್ರಕಾರ ಬೆಲೆಬಾಳುವ ಕ್ಯಾಮೆರಾವನ್ನು ಮುಟ್ಟದೆ ಇಡಬೇಕು. ನಮ್ಮ ಹವೆಯಲ್ಲಿ ಮುಟ್ಟದೆ ಇಟ್ಟದ್ದೇ ಮೊದಲು ಕೆಡುತ್ತದೆ. ಕತ್ತಲೆ, ಅಲುಗದ ಗಾಳಿ, ಚರ್ಮದ ಚೀಲ, ಇವು ಮೂರೂ ಬೂಷ್ಟಿಗೆ ಗೊಬ್ಬರ. ಎಷ್ಟೋ ಮನೆಗಳಲ್ಲಿ ಗಲ್ಫಿನಿಂದ ಬಂದ ಯಾಶಿಕಾಗಳು, ಹಳೆಯ ಆಗ್ಫಾ ಕ್ಲಿಕ್‌ಗಳು ಟ್ರಂಕಿನೊಳಗೆ ಕುರುಡಾಗಿವೆ. ದಿನಾ ಗಾಳಿಗೆ, ಬೆಳಕಿಗೆ ಬರುವ ಮಸೂರ ಬದುಕುತ್ತದೆ. ಷಟರಿನ ಹಲ್ಲುಗಾಲಿಗಳಿಗೆ ಹಾಕಿದ ಎಣ್ಣೆಯೂ ಹಾಗೆಯೇ, ತಿರುಗಿಸುತ್ತಿದ್ದರೆ ಹರಿಯುತ್ತದೆ, ಬಿಟ್ಟರೆ ಅಂಟಾಗುತ್ತದೆ. ಆದ್ದರಿಂದ ಅಮ್ಮ ಹಾಕಿದ ಷರತ್ತು ಮುದುಕಿಯೊಬ್ಬರ ಹಠ ಎಂದು ನನಗೆ ಅನ್ನಿಸಲಿಲ್ಲ. ಅದು ಈ ಹವೆಯನ್ನು ಬಲ್ಲವರ ಮಾತು.

ಡಾಕ್ಟರು ಬಲ್ಬಿನ ಶಾಖದಲ್ಲಿ ಅದನ್ನು ಕಾಪಾಡಿದರು. ಈಗ ಆ ತಂತಿ ಬಲ್ಬೂ ಸುಲಭಕ್ಕೆ ಸಿಗುವುದಿಲ್ಲ. ಎಲ್‌ಇಡಿ ಬಲ್ಬು ಬೆಳಕು ಕೊಡುತ್ತದೆ, ಕಪಾಟು ಒಣಗಿಸುವಷ್ಟು ಶಾಖ ಅದರಲ್ಲಿಲ್ಲ. ಅಮ್ಮ ಎರಡು ಹಳೆಯ ಬಲ್ಬನ್ನು ಅಕ್ಕಿ ಡಬ್ಬದಲ್ಲಿ ಹೂತು ಜೋಪಾನ ಮಾಡಿದ್ದರು. ನಮ್ಮ ಮನೆಯಲ್ಲಿ ನಾನು ಸಿಲಿಕಾ ಜೆಲ್ ಬಳಸುತ್ತೇನೆ. ನೀಲಿ ಹರಳು ತೇವ ಹೀರಿ ಗುಲಾಬಿ ಬಣ್ಣಕ್ಕೆ ತಿರುಗಿದಾಗ ಬಾಣಲೆಯಲ್ಲಿ ಹದವಾಗಿ ಬಿಸಿ ಮಾಡಿದರೆ ಮತ್ತೆ ನೀಲಿಯಾಗುತ್ತದೆ. ಆ ಬಾಣಲೆಯನ್ನು ಅಡುಗೆಗೆ ಬಳಸಬಾರದು.

"ಒಂದು ರೋಲು ತೆಗ್ದು ನೋಡಿ, ಮತ್ತೆ ಹೇಳಿ" ಎಂದು ಅಮ್ಮ ಅವತ್ತೇ ಕ್ಯಾಮೆರಾವನ್ನು ನನ್ನ ಕೈಗೇ ಕೊಟ್ಟುಬಿಟ್ಟರು. ಮುಚ್ಚಳಿಕೆ ಇಲ್ಲ, ಮುಂಗಡ ಇಲ್ಲ. ಅದನ್ನು ಎದೆಗೆ ಅವಚಿಕೊಂಡು ಬಸ್ಸಿನಲ್ಲಿ ಮನೆಗೆ ಬಂದೆ.

ಏಪ್ರಿಲ್ 10ಕ್ಕೆ ಪುತ್ತೂರು ಮಹಾಲಿಂಗೇಶ್ವರನ ಜಾತ್ರೆ ಆರಂಭ. 17ರ ರಾತ್ರಿ ಬ್ರಹ್ಮರಥೋತ್ಸವ, ನಮ್ಮ ಕಡೆಯವರು 'ಪುತ್ತೂರು ಬೆಡಿ' ಎಂದು ಕರೆಯುವ ಸುಡುಮದ್ದು. ದೇವರಮಾರು ಗದ್ದೆಯ ಜನಜಂಗುಳಿಯಲ್ಲಿ ನಿಂತು ಆ ಕ್ಯಾಮೆರಾದ ಕಿಂಡಿಗೆ ಕಣ್ಣಿಟ್ಟೆ. ಕೇಳುಗರೇ, ಅದನ್ನು ಹೇಗೆ ಹೇಳಲಿ! ಎಂ3ರ ಕಿಂಡಿಯಲ್ಲಿ ಲೋಕ ಹೆಚ್ಚುಕಡಿಮೆ ಕಣ್ಣಿಗೆ ಕಾಣುವಷ್ಟೇ ದೊಡ್ಡದಾಗಿ ಕಾಣುತ್ತದೆ. ಹಾಗಾಗಿ ಇನ್ನೊಂದು ಕಣ್ಣನ್ನು ಮುಚ್ಚಬೇಕಿಲ್ಲ. ಎರಡೂ ಕಣ್ಣು ತೆರೆದು ನೋಡಿದರೆ ಜಾತ್ರೆಯ ಮೇಲೆ ಗಾಳಿಯಲ್ಲಿ ಒಂದು ಬೆಳ್ಳಿಯ ಚೌಕಟ್ಟು ತೇಲುತ್ತದೆ. ಒಳಗೆ ಕನ್ನಡಿ ಮೇಲೆದ್ದು ಬೀಳುವ ಹೊಡೆತವಿಲ್ಲ. ಸೆಕೆಂಡಿನ 25ನೇ ಒಂದು ಭಾಗದ ನಿಧಾನ ವೇಗದಲ್ಲೂ ಕೈ ನಡುಗದೆ ಚಿತ್ರ ನಿಲ್ಲುತ್ತದೆ. ಷಟರಿನ ಸದ್ದು ಪಕ್ಕದವರಿಗೆ ಕೇಳುವುದಿಲ್ಲ. ಬೆಡಿಯ ಬೆಳಕಿಗೆ ಬಾಯಿ ತೆರೆದು ಆಕಾಶ ನೋಡುತ್ತಿದ್ದ ಒಬ್ಬ ಅಜ್ಜ, ಹೆಗಲ ಮೇಲೆ ನಿದ್ದೆ ಹೋದ ಮಗು. ಇಂಥ ಯಂತ್ರ ಕೈಯಲ್ಲಿದ್ದ ಡಾಕ್ಟರು ರೋಗಿಯ ಮನೆಗೆ ಹೋಗುವಾಗಲೂ ಅದನ್ನು ಬಿಟ್ಟು ಹೋಗದೆ ಇದ್ದದ್ದು ಏಕೆಂದು ಅರ್ಥವಾಯಿತು. ಆ ರಾತ್ರಿ ಮನೆಗೆ ಬರುವಾಗ ಕೊಂಡುಬಿಡುವುದೇ ಸರಿ ಎಂದು ತೀರ್ಮಾನಿಸಿದ್ದೆ.

ಎಂಟು ದಿನ ಕಳೆದಿರಬೇಕು. ನೆರೆಮನೆಯ ಅಂಗಳದಲ್ಲಿ ಕೊನೇ ಕೊಯ್ಲಿನ ಅಡಿಕೆ ಹರಡಿತ್ತು. ಸುಮಾರು ನಲವತ್ತು ಬಿಸಿಲು ಕಂಡರೆ ಅಡಿಕೆ ಒಣಗಿತು ಎಂದು ಲೆಕ್ಕ. ಅದಕ್ಕೆ ಇನ್ನು ಎರಡೋ ಮೂರೋ ಬಿಸಿಲು ಸಾಕಿತ್ತು. ಮಧ್ಯಾಹ್ನ ಮೂರರ ಹೊತ್ತಿಗೆ ಘಟ್ಟದ ಕಡೆ ಕಪ್ಪಾಯಿತು. ನೋಡುತ್ತಿದ್ದ ಹಾಗೆ ಗಾಳಿ, ಗುಡುಗು, ದಪ್ಪ ದಪ್ಪ ಹನಿ. ಮನೆಯವರೆಲ್ಲ ಹೊರಗೆ ಓಡಿದರು. ಬಾಣಂತನಕ್ಕೆ ಬಂದಿದ್ದ ಮಗಳೂ ಟರ್ಪಾಲಿನ ಒಂದು ಮೂಲೆ ಹಿಡಿದಿದ್ದಳು. ಮುದುಕರು ಗೋರೆಯಿಂದ ಅಡಿಕೆ ಎಳೆಯುತ್ತಿದ್ದರು, ಹುಡುಗರು ಗೋಣಿ ತುಂಬುತ್ತಿದ್ದರು, ಗಾಳಿ ಟರ್ಪಾಲನ್ನು ಹಾಯಿಯ ಹಾಗೆ ಎತ್ತುತ್ತಿತ್ತು. ಒಂದು ವರ್ಷದ ದುಡಿಮೆ, ಹತ್ತು ನಿಮಿಷದ ಮಳೆ. ನಾನು ವರ್ಷಗಟ್ಟಲೆ ಕಾಯುತ್ತಿದ್ದ ಚಿತ್ರ ಅದೇ.

ಆ ಹತ್ತು ನಿಮಿಷ ನಾನು ಕ್ಯಾಮೆರಾವನ್ನು ಅಂಗಿಯೊಳಗೆ ಸೇರಿಸಿ, ದನದ ಕೊಟ್ಟಿಗೆಯ ಮಾಡಿನ ಕೆಳಗೆ ನಿಂತಿದ್ದೆ. ಚಿತ್ರ ತೆಗೆಯಲಿಲ್ಲ. ಟರ್ಪಾಲಿಗೂ ಕೈ ಹಾಕಲಿಲ್ಲ. ಒಂದೂವರೆ ಲಕ್ಷದ ವಸ್ತು, ಮತ್ತೊಬ್ಬರದ್ದು, ನೀರು ಬಿದ್ದರೆ ಏನು ಗತಿ ಎಂಬುದೊಂದೇ ತಲೆಯಲ್ಲಿ. ಮಳೆ ನಿಂತ ಮೇಲೆ ಆ ಮನೆಯವರು ಯಾರೂ ಏನೂ ಹೇಳಲಿಲ್ಲ, ಕಾಫಿ ಕೊಟ್ಟರು. ಅವತ್ತಿನ ಆ ಕಾಫಿ ನನಗೆ ಗಂಟಲಲ್ಲಿ ಇಳಿಯಲಿಲ್ಲ. ಕ್ಯಾಮೆರಾ ಹಿಡಿದ ಮೂವತ್ತು ವರ್ಷದಲ್ಲಿ ನೆರೆಯವರ ಕಷ್ಟಕ್ಕೆ ನಾನು ಹಾಗೆ ದೂರ ನಿಂತದ್ದು ಅದೇ ಮೊದಲು.

ಉಳಿದ ನಾಲ್ಕು ಫ್ರೇಮನ್ನು ಹೇಗೋ ಮುಗಿಸಿ ರೋಲನ್ನು ಮನೆಯಲ್ಲೇ ತೊಳೆದೆ. ಕಪ್ಪು ಬಿಳುಪಿನ ಫಿಲ್ಮಿಗೆ 20 ಡಿಗ್ರಿಯ ನೀರು ಒಳ್ಳೆಯದು. ಮಾಡಿನ ಮೇಲಿನ ಟ್ಯಾಂಕಿಯ ನೀರು ಏಪ್ರಿಲ್‌ನಲ್ಲಿ ಸ್ನಾನಕ್ಕೆ ಕಾಯಿಸಿದ ಹಾಗೆ ಇರುತ್ತದೆ. ನಮ್ಮ ಪುಣ್ಯಕ್ಕೆ ಮನೆಯ ಹಿಂದಿನ ಗುಡ್ಡೆಯಲ್ಲಿ ಅಜ್ಜನ ಕಾಲದ ಸುರಂಗ ಉಂಟು. ಮುರಕಲ್ಲಿನ ಹೊಟ್ಟೆಯಿಂದ ಬರುವ ಆ ನೀರು ಬೇಸಿಗೆಯಲ್ಲೂ ಕೈಗೆ ತಂಪು. ಒಂದಿಷ್ಟು ಐಸು ಸೇರಿಸಿದರೆ ಹದಕ್ಕೆ ಬರುತ್ತದೆ. ಫಿಲ್ಮ್ ಒಣಗಿದ ಮೇಲೆ ನೋಡಿದರೆ ರಾತ್ರಿಯ ಜಾತ್ರೆಯ ಚಿತ್ರಗಳೆಲ್ಲ ಶುದ್ಧ. ಹಗಲಿನ ಕೆಲವು ಚಿತ್ರಗಳಲ್ಲಿ ಮಾತ್ರ ಒಂದೇ ಜಾಗದಲ್ಲಿ ಎರಡು ಚುಕ್ಕೆ. ಪ್ರಿಂಟಿನಲ್ಲಿ ಅವು ಬಿಳಿ ನಕ್ಷತ್ರದ ಹಾಗೆ ಬರುತ್ತವೆ. ಎಂ3ರ ಷಟರು ರಬ್ಬರು ಸವರಿದ ಬಟ್ಟೆಯ ಪರದೆ. ಮಸೂರಕ್ಕೆ ಮುಚ್ಚಳ ಹಾಕದೆ ಬಿಸಿಲಿಗೆ ಒಡ್ಡಿದರೆ ಭೂತಗನ್ನಡಿ ಕಾಗದ ಸುಟ್ಟ ಹಾಗೆ ಪರದೆಯಲ್ಲಿ ಸೂಜಿಮೊನೆಯ ತೂತು ಬೀಳುತ್ತದೆ. ಅರುವತ್ತು ಎಪ್ಪತ್ತು ವರ್ಷದಲ್ಲಿ ಯಾವುದೋ ಒಂದು ಬಿಸಿಲು ಆ ಕೆಲಸ ಮಾಡಿತ್ತು.

ಪರದೆ ಬದಲಿಸಬಹುದು. ಅದನ್ನು ಬಲ್ಲವರು ಬೆಂಗಳೂರು, ಚೆನ್ನೈಯಂಥ ಊರಿನಲ್ಲಿ ಬೆರಳೆಣಿಕೆಯಷ್ಟು. ಕಿಂಡಿಯ ಒಳಗೆ ಗಾಜಿನ ಪಟ್ಟಕಗಳನ್ನು ಅಂಟಿನಿಂದ ಜೋಡಿಸಿದ್ದಾರೆ. ಹೊಡೆತ ಬಿದ್ದು ಆ ಅಂಟು ಬಿಟ್ಟುಕೊಂಡರೆ ಕಿಂಡಿಯೇ ಕಪ್ಪಾಗುತ್ತದೆ. ಅದಕ್ಕೆ ಬದಲಿ ಭಾಗ ಹೆಚ್ಚಾಗಿ ಸಿಗುವುದು ಇನ್ನೊಂದು ಎಂ3ಯನ್ನು ಕಳಚಿದರೆ. ನಮ್ಮ ತೋಟದ ದಾರಿಯಲ್ಲಿ ಬೈಕಿನಲ್ಲಿ ಕುಲುಕಿಕೊಂಡು ಹೋಗುವವನಿಗೆ ಇದು ದಿನನಿತ್ಯದ ಭಯ. ಮದ್ದು ಬಿಡುವಾಗ ಮೇಲಿನಿಂದ ಮೈಲುತುತ್ತು, ಸುಣ್ಣದ ನೀರು ಹನಿಹನಿಯಾಗಿ ಬೀಳುತ್ತದೆ, ಆ ನೀಲಿ ಕಲೆ ಬಟ್ಟೆಯಿಂದಲೇ ಹೋಗುವುದಿಲ್ಲ.

ದುಡ್ಡಿನ ಲೆಕ್ಕವನ್ನೂ ಹೇಳಿಬಿಡುತ್ತೇನೆ. 36 ಚಿತ್ರದ ಒಂದು ರೋಲಿಗೆ ಈಗ ಸಾವಿರ ರೂಪಾಯಿಯ ಆಚೀಚೆ. ನಾನು ತಿಂಗಳಿಗೆ ಎರಡು ರೋಲು ತೆಗೆಯುವವನು. ಒಂದೂವರೆ ಲಕ್ಷ ಎಂದರೆ 150 ರೋಲು, ಆರು ವರ್ಷದ ಫಿಲ್ಮು, 5,400 ಚಿತ್ರ. ಕ್ಯಾಮೆರಾ ಕೊಂಡರೆ ಅದರೊಳಗೆ ಹಾಕಲು ಫಿಲ್ಮಿಗೆ ದುಡ್ಡಿಲ್ಲ.

ಜಗತ್ತಿನ ದುಬಾರಿ ಕ್ಯಾಮೆರಾದ ಕತೆ ಆ ದಿನಗಳಲ್ಲಿ ನನ್ನನ್ನು ಬಹಳ ಕಾಡಿತು. 2022ರ ಜೂನ್‌ನಲ್ಲಿ ಲೈಕಾ ಸೊನ್ನೆ ಸರಣಿಯ 105ನೇ ನಂಬರಿನ ಕ್ಯಾಮೆರಾ ಹರಾಜಿನಲ್ಲಿ 1 ಕೋಟಿ 44 ಲಕ್ಷ ಯೂರೋಗೆ ಹೋಯಿತು. ಅದು ಓಸ್ಕರ್ ಬಾರ್ನಾಕ್ ತಾನೇ ಬಳಸುತ್ತಿದ್ದ ಕ್ಯಾಮೆರಾ, ಕಿಂಡಿಯ ಮೇಲೆ ಅವನ ಹೆಸರು ಕೆತ್ತಿದೆ. ಗಾಂಧೀಜಿಯ ಕೊನೆಯ ದಿನಗಳನ್ನು ಚಿತ್ರಿಸಿದ ಕಾರ್ತಿಯೆ ಬ್ರೆಸಾನ್ ತನ್ನ ಲೈಕಾದ ಹೊಳೆಯುವ ಜಾಗಗಳಿಗೆಲ್ಲ ಕಪ್ಪು ಟೇಪು ಸುತ್ತಿ, ಯಾರ ಕಣ್ಣಿಗೂ ಬೀಳದ ಹಾಗೆ ಓಡಾಡುತ್ತಿದ್ದ. ಅವರಿಬ್ಬರೂ ಕ್ಯಾಮೆರಾವನ್ನು ಕತ್ತಿಯ ಹಾಗೆ, ಹಾರೆಯ ಹಾಗೆ ಬಳಸಿದವರು. ಡಾಕ್ಟರೂ ಅಷ್ಟೇ. ಅವರು ಕೊಂಡಾಗ ಅದು ಒಳ್ಳೆಯ ಹೊಸ ಕ್ಯಾಮೆರಾ, ಅಷ್ಟೇ ಆಗಿತ್ತು. ಅವರ ಹೆಗಲಲ್ಲಿ ಅದು ಹಗುರವಾಗಿತ್ತು. ನನ್ನ ಕೈಗೆ ಬರುವಾಗ ಅದರ ಮೇಲೆ ಏಳು ಲಕ್ಷದ ನಂಬರು, ಮೂಲ ಪೆಟ್ಟಿಗೆ, ಬೆಂಗಳೂರಿನವರ ಬೆಲೆ, ಇವೆಲ್ಲ ಹತ್ತಿ ಕೂತಿದ್ದವು. ಕೊಟ್ಟಿಗೆಯ ಮಾಡಿನ ಕೆಳಗೆ ನನ್ನನ್ನು ನಿಲ್ಲಿಸಿದ್ದು ಆ ಭಾರವೇ.

ಮೇ ಕೊನೆಗೆ ಬೆಳ್ಳಾರೆಗೆ ಹೋಗಿ ಕ್ಯಾಮೆರಾವನ್ನೂ ಜಾತ್ರೆಯ ಪ್ರಿಂಟುಗಳನ್ನೂ ಅಮ್ಮನ ಮುಂದಿಟ್ಟೆ. ಅಂಗಳದ ಮಳೆಯ ಕತೆಯನ್ನು ಮುಚ್ಚಿಡದೆ ಹೇಳಿದೆ. ಅವರು ಅಜ್ಜನ ಚಿತ್ರವನ್ನು ಬಹಳ ಹೊತ್ತು ನೋಡಿದರು.

"ಇವ್ರು ಒಮ್ಮೆ ಹೊಳೆಗೇ ಬಿದ್ದಿದ್ರು, ಕ್ಯಾಮೆರಾ ಸಮೇತ. ಮತ್ತೆ ಒಂದು ವಾರ ಬಿಚ್ಚಿ ಒಣಗ್ಸಿದ್ದೇ ಒಣಗ್ಸಿದ್ದು. ನಿಮ್ಗೆ ಹಾಗೆ ಬೀಳ್ಲಿಕ್ಕೆ ಧೈರ್ಯ ಬರ್ಲಿಕ್ಕಿಲ್ಲ ಅಂತ ನಂಗೂ ಗೊತ್ತುಂಟು ಮಾಷ್ಟ್ರೇ. ಬೇಡ, ಬಿಡಿ."

"ಬೆಂಗಳೂರಿನವರಿಗೆ ಕೊಡ್ತೀರಾ ಅಮ್ಮ?"

"ಎಂತಕ್ಕೆ? ಬಲ್ಬು ಇನ್ನೂ ಒಂದು ಉಂಟಲ್ಲ."

ಆ ತಿಂಗಳೇ ನಾನು ಕೊಂಡದ್ದು ಹಳೆಯ ನಿಕಾನ್ ಎಫ್‌ಎಂ2. 1982ರಲ್ಲಿ ಬಂದ ಮಾದರಿ, ಇಪ್ಪತ್ತು ವರ್ಷದ ಹತ್ತಿರ ತಯಾರಾದದ್ದು. ಮೂಲೆಗಳಲ್ಲಿ ಕಪ್ಪು ಬಣ್ಣ ಸವೆದು ಹಿತ್ತಾಳೆ ಕಾಣುತ್ತದೆ. ಷಟರಿನ ಪರದೆ ಲೋಹದ್ದು, ಮುಂದೆ ಕನ್ನಡಿಯೂ ಅಡ್ಡ ಇರುವುದರಿಂದ ಬಿಸಿಲಿನ ಭಯವಿಲ್ಲ. ಬ್ಯಾಟರಿ ಬೇಕಾದದ್ದು ಬೆಳಕು ಅಳೆಯಲು ಮಾತ್ರ, ಅದು ಮುಗಿದರೂ ಷಟರು ಎಲ್ಲ ವೇಗದಲ್ಲೂ ನಡೆಯುತ್ತದೆ. ಬಿಡಿಭಾಗ ಸಿಗುತ್ತದೆ. 25 ಸಾವಿರದೊಳಗೆ ಮುಗಿಯಿತು. ಉಳಿದ ದುಡ್ಡಿನಲ್ಲಿ 125 ರೋಲು, ಐದು ವರ್ಷದ ಕೆಲಸ. ಹೋದ ಜೂನ್‌ನಲ್ಲಿ ಮದ್ದು ಬಿಡುವಾಗ ಅದಕ್ಕೆ ಒಂದು ಪ್ಲಾಸ್ಟಿಕ್ ತೊಟ್ಟೆ ಸುತ್ತಿ ಮರದ ಬುಡದಲ್ಲೇ ನಿಂತೆ. ನೀಲಿ ನೀರು ಕನ್ನಡಕದ ಮೇಲೂ ತೊಟ್ಟೆಯ ಮೇಲೂ ಬಿತ್ತು. ಎರಡು ರೋಲು ಮುಗಿಯಿತು. ಲೈಕಾದ ಕಿಂಡಿಯ ಆ ತೇಲುವ ಚೌಕಟ್ಟು ನೆನಪಾಗುವುದಿಲ್ಲ ಎಂದರೆ ಸುಳ್ಳಾದೀತು. ಸಂಜೆಯ ಬೆಳಕಿನಲ್ಲಿ ಪ್ರತಿಸಲ ನೆನಪಾಗುತ್ತದೆ.

ಅಮ್ಮ ನನಗೆ ಬೇರೊಂದು ಕೆಲಸ ಕೊಟ್ಟಿದ್ದಾರೆ. ತಿಂಗಳ ಮೊದಲ ಭಾನುವಾರ ಪಂಜದ ದಾರಿಯಾಗಿ ಬೆಳ್ಳಾರೆಗೆ ಹೋಗುತ್ತೇನೆ. ಕಪಾಟು ತೆರೆದು, ಸೀರೆಯ ತುಂಡು ಬಿಚ್ಚಿ, ಲಿವರನ್ನು ಎರಡೆರಡು ಸಲ ಎಳೆದು ಹತ್ತೂ ವೇಗಗಳಲ್ಲಿ ಷಟರು ಬಿಡುತ್ತೇನೆ. ಸೆಕೆಂಡಿನ ಸಾವಿರನೇ ಒಂದು ಭಾಗದಿಂದ ಶುರು ಮಾಡಿ ಕೊನೆಗೆ ಒಂದು ಸೆಕೆಂಡು. ನಿಧಾನದ ವೇಗಗಳಲ್ಲಿ ಒಳಗಿನ ಹಲ್ಲುಗಾಲಿ ಜೀರುಂಡೆಯ ಹಾಗೆ ಸಣ್ಣಗೆ ಹಾಡುತ್ತದೆ. ಒಮ್ಮೆ ಜುಲೈಯ ಮಳೆಯಲ್ಲಿ ಮಾಡಿನ ಮೇಲೆ ಸದ್ದೋ ಸದ್ದು. ವೇಗವನ್ನು ಒಂದು ಸೆಕೆಂಡಿಗೆ ಇಟ್ಟು ಗುಂಡಿ ಒತ್ತಿದೆ. ಅಡುಗೆಮನೆಯಿಂದ ಅಮ್ಮನ ಸ್ವರ ಕೇಳಿತು.

"ಇವತ್ತು ಸ್ವಲ್ಪ ಎಳೀತಾ ಉಂಟಲ್ಲ ಮಾಷ್ಟ್ರೇ? ಇನ್ನೊಂದು ನಾಲ್ಕು ಸಲ ಬಿಡಿ, ಸರಿ ಆಗ್ತದೆ. ಇವ್ರೂ ಹಾಗೇ ಮಾಡ್ತಿದ್ದದ್ದು."

ನಾಲ್ಕು ಸಲ ಬಿಟ್ಟೆ. ಐದನೆಯದಕ್ಕೆ ಸರಿಯಾಯಿತು.